ಶುಶ್ರೂಷೆಯ ಪದಗಳು ಮತ್ತು ಅವುಗಳ ಹೊಣೆ

ಮಂಡ್ಯ, ಮದ್ದೂರು, ಮಳವಳ್ಳಿಗಳ ಶಾಲೆಗಳಲ್ಲಿ ಓದಿದ ಅನೇಕ ಮಕ್ಕಳು ಇಂದು ಆಸ್ಪತ್ರೆಗಳಲ್ಲಿ ಸಹಾಯಕರಾಗಿಯೂ, ಮೈಸೂರು ಬೆಂಗಳೂರುಗಳ ಮನೆಗಳಲ್ಲಿ ವೃದ್ಧರ ಆರೈಕೆಗಾರರಾಗಿಯೂ ದುಡಿಯುತ್ತಿರುವರೆಂಬುದು ಅಧ್ಯಾಪಕ ಬಂಧುಗಳಿಗೆ ವಿದಿತವೇ ಆಗಿದೆ. ೨೦೦೬ರಲ್ಲಿ ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯವು ಪ್ರಾರಂಭವಾದಮೇಲೆ ಈ ವೃತ್ತಿಯ ಪರಿಚಯ ನಮ್ಮ ಹಳ್ಳಿಗಳಿಗೆ ಇನ್ನಷ್ಟು ಸಮೀಪವಾಗಿದೆ. ಈ ಮಕ್ಕಳಿಗೆ ಕೊಡುವ ತರಬೇತಿಯ ಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಅವರು ನಿತ್ಯ ಮಾತನಾಡಬೇಕಾದ ರೋಗಿಯಾದರೋ ಕನ್ನಡಿಗ. ಈ ಎರಡು ಭಾಷೆಗಳ ನಡುವೆ ಅರ್ಥವು ಜಾರಿಹೋದರೆ ನಷ್ಟ ಕೇವಲ ಭಾಷೆಯದಲ್ಲ; ಒಬ್ಬರ ದೇಹಕ್ಕೆ, ಮಾನಕ್ಕೆ, ಕೆಲವೊಮ್ಮೆ ಪ್ರಾಣಕ್ಕೇ ಅಪಾಯವುಂಟು. ಆದಕಾರಣ ಈ ವೃತ್ತಿಯ ಕೆಲವು ಮುಖ್ಯ ಪದಗಳನ್ನು ಆಯ್ದು, ಅವುಗಳ ಮೂಲಾರ್ಥವನ್ನೂ ಇಂದಿನ ಕಾನೂನು ಅವಕ್ಕೆ ಕೊಟ್ಟಿರುವ ಅರ್ಥವನ್ನೂ ತರಗತಿಯಲ್ಲಿ ಪಾಠ ಹೇಳಲು ಅನುಕೂಲವಾಗುವಂತೆ ಇಲ್ಲಿ ವಿವರಿಸಲಾಗಿದೆ.

೧. ವೃತ್ತಿಯ ಹೆಸರುಗಳು

‘ಶುಶ್ರೂಷೆ’ ಎಂಬ ಪದವನ್ನು ಅನೇಕರು ‘ಸುಶ್ರೂಷೆ’ ಎಂದು ಬರೆಯುತ್ತಾರೆ. ಒಳ್ಳೆಯ ಸೇವೆಯಾದ್ದರಿಂದ ‘ಸು’ ಎಂಬ ಉಪಸರ್ಗವಿರಬೇಕೆಂಬ ಭ್ರಮೆ ಇದಕ್ಕೆ ಕಾರಣ. ವಸ್ತುತಃ ಇದು ‘ಶ್ರು’ ಧಾತುವಿನ ಇಚ್ಛಾರ್ಥಕ ರೂಪದಿಂದ ಬಂದ ಶಬ್ದ. ‘ಕೇಳಬೇಕೆಂಬ ಬಯಕೆ’ ಎಂಬುದೇ ಅದರ ಮೊದಲ ಅರ್ಥ. ಗುರುವಿನ ಮಾತನ್ನು ಕೇಳಲು ಬಯಸುವವನು ಗುರುವಿನ ಸೇವೆ ಮಾಡುವನು. ಹೀಗೆ ಸೇವೆಯೆಂಬ ಅರ್ಥವು ಆಮೇಲೆ ಬೆಳೆಯಿತು. ರೋಗಿಯ ಮಾತನ್ನು ಕೇಳಲು ಮನಸ್ಸಿಲ್ಲದವರು ಎಷ್ಟೇ ದುಡಿದರೂ ಅದು ಶುಶ್ರೂಷೆಯಾಗದೆಂದು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳಬಹುದು.

‘ಉಪಚಾರ’ವೆಂದರೆ ಹತ್ತಿರ ಸುಳಿಯುವುದು, ಬಳಿಯಲ್ಲಿದ್ದು ನಡೆದುಕೊಳ್ಳುವುದು. ‘ಆರೈಕೆ’ ಅಚ್ಚಗನ್ನಡದ ಮಾತು. ಹಳಗನ್ನಡದ ‘ಆರಯ್’ ಧಾತುವಿಗೆ ಹುಡುಕು, ವಿಚಾರಿಸು, ಪರಿಶೀಲಿಸು, ಪಾಲಿಸು ಎಂಬ ಅರ್ಥಗಳಿವೆ. ನೋಡಿ ತಿಳಿಯುವುದೂ ಕಾಪಾಡುವುದೂ ನಮ್ಮ ಪೂರ್ವಿಕರಿಗೆ ಒಂದೇ ಕ್ರಿಯೆಯಾಗಿದ್ದಿತೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ.

ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಪರಿಚಾರಕನಲ್ಲಿ ಇರಬೇಕಾದ ಗುಣಗಳು ನಾಲ್ಕು: ಉಪಚಾರದ ತಿಳಿವು, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ. ರೋಗಿಗೆ ಹೇಳಿರುವ ನಾಲ್ಕು ಗುಣಗಳಲ್ಲಿ ತನ್ನ ಬಾಧೆಯನ್ನು ತಿಳಿಯಹೇಳುವ ಶಕ್ತಿಯೂ ಒಂದು. ಹೇಳುವ ರೋಗಿ, ಕೇಳಬಯಸುವ ಪರಿಚಾರಕ. ಇವರಿಬ್ಬರು ಕೂಡಿದಾಗಲೇ ವೈದ್ಯನ ವಿದ್ಯೆ ಫಲಿಸುವುದು. ಪರಿಚಾರಕನನ್ನು ವೈದ್ಯನ ಆಳೆಂದು ಎಣಿಸದೆ ಚಿಕಿತ್ಸೆಯ ಒಂದು ಕಾಲೆಂದು ಎಣಿಸಿರುವುದು ಗಮನಾರ್ಹ.

೨. ಆರೈಕೆಯ ಮಾತುಗಳು

ಮಂಚ ಹಿಡಿದ ರೋಗಿಯ ವಿಷಯದಲ್ಲಿ ಮೊದಲು ಕಲಿಯಬೇಕಾದ ಪದ ‘ಮಗ್ಗುಲು’. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದವರ ಚರ್ಮಕ್ಕೂ ಮಾಂಸಕ್ಕೂ ಮೂಳೆಯ ಒತ್ತಡದಿಂದ ರಕ್ತ ಹರಿಯದೆ ‘ಹಾಸಿಗೆ ಹುಣ್ಣು’ ಆಗುತ್ತದೆ. ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ, ಇವು ಅದು ಏಳುವ ಸ್ಥಳಗಳು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ನಿಯಮ. ಒತ್ತಿದರೂ ಮಾಸದ ಕೆಂಪು ಅದರ ಮೊದಲ ಗುರುತು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದಿರಬಹುದಾದ್ದರಿಂದ ಬಿಸಿಯನ್ನೂ ಗಡಸುತನವನ್ನೂ ಮುಟ್ಟಿ ನೋಡಬೇಕು.

ಎರಡನೆಯದು ‘ನೆತ್ತಿಗೇರುವುದು’. ಅನ್ನನಾಳಕ್ಕೆ ಹೋಗಬೇಕಾದ ತುತ್ತು ಉಸಿರುನಾಳದ ಕಡೆಗೆ ಹೋದಾಗ ನಾವು ಹೀಗೆನ್ನುತ್ತೇವೆ. ಅದು ನಿಜವಾಗಿ ಏರುವುದು ನೆತ್ತಿಗಲ್ಲ, ಇಳಿಯುವುದು ಶ್ವಾಸಕೋಶಕ್ಕೆ. ಪಾರ್ಶ್ವವಾಯು ಬಡಿದವರಿಗೆ ಇದರಿಂದ ನ್ಯುಮೋನಿಯಾ ಆಗುವ ಭಯವಿದೆ. ಎತ್ತಿ ಕೂರಿಸಿ, ಸ್ವಲ್ಪಸ್ವಲ್ಪವಾಗಿ ಉಣಿಸಿ, ಉಂಡಮೇಲೆ ಅರ್ಧ ಗಂಟೆಯಾದರೂ ಕುಳಿತಿರುವಂತೆ ನೋಡಿಕೊಳ್ಳಬೇಕು. ಮಲಗಿಸಿಕೊಂಡೇ ರಾಗಿ ಗಂಜಿ ಹೊಯ್ಯುವುದು ಅಕ್ಕರೆಯ ಕೆಲಸವಾಗಿ ಕಂಡರೂ ಅಪಾಯದ ಕೆಲಸ.

ಮೂರನೆಯದು ‘ಜೀವಸೂಚಕಗಳು’: ನಾಡಿ, ಉಸಿರು, ಮೈಶಾಖ, ರಕ್ತದೊತ್ತಡ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಾಡಿ ನಿಮಿಷಕ್ಕೆ ೬೦ರಿಂದ ೧೦೦, ಉಸಿರು ೧೨ರಿಂದ ೨೦ ಇರುವುದು ಸಹಜ. ಇದನ್ನು ಮೀರಿದ್ದನ್ನು ತಾನೇ ನಿರ್ಣಯಿಸದೆ ಒಡನೆಯೇ ಶುಶ್ರೂಷಕಿಗೆ ತಿಳಿಸುವುದು ಸಹಾಯಕರ ಕರ್ತವ್ಯ.

ನಾಲ್ಕನೆಯದು ‘ದಾಖಲೆ’. ರೋಗಿ ಹೇಳಿದ್ದು ಬೇರೆ, ನಾವು ಕಂಡದ್ದು ಬೇರೆ, ನಾವು ಊಹಿಸಿದ್ದು ಬೇರೆ. ಮೊದಲೆರಡನ್ನು ಬರೆಯಬೇಕು, ಮೂರನೆಯದನ್ನು ಬರೆಯಬಾರದು. ‘ರೋಗಿ ಹಟಮಾರಿ’ ಎಂಬುದು ತೀರ್ಪು. ‘ಬೆಳಿಗ್ಗೆ ೮ ಗಂಟೆಗೆ ಊಟ ಬೇಡವೆಂದರು, ಒಂದು ಲೋಟ ನೀರು ಕುಡಿದರು’ ಎಂಬುದು ದಾಖಲೆ. ನಮ್ಮ ಸೀಮೆಯ ಮುದುಕರು ‘ಗ್ಯಾನ ತಪ್ಪಿತ್ತು’, ‘ಮೇಲುಸಿರು ಬಂತು’, ‘ಒಂದಕ್ಕೆ ಹೋಗಿಲ್ಲ’ ಎನ್ನುವುದುಂಟು. ಈ ಮಾತುಗಳನ್ನು ತಿದ್ದದೆ ಅವರ ಬಾಯಲ್ಲಿ ಬಂದಂತೆಯೇ ಒಪ್ಪಿಸಬೇಕು. ‘ಗ್ಯಾನ ತಪ್ಪಿತ್ತು’ ಎಂದದ್ದು ‘ತಲೆಸುತ್ತು’ ಎಂದು ಬರಹಕ್ಕಿಳಿದರೆ, ಎಚ್ಚರ ತಪ್ಪಿದ ಸಂಗತಿಯೇ ವೈದ್ಯರಿಗೆ ತಿಳಿಯದೆ ಹೋಗುವುದು.

೩. ನೀತಿಯ ಮಾತುಗಳು

‘ಸಮ್ಮತಿ’ ಎಂದರೆ ಕಾಗದದ ಮೇಲಿನ ರುಜುವಲ್ಲ. ರೋಗವೇನು, ಮಾಡುವುದೇನು, ಅದರ ಅಪಾಯವೇನು, ಬೇರೆ ದಾರಿಯುಂಟೆ ಎಂಬುದನ್ನು ವೈದ್ಯರಿಂದ ತಿಳಿದು ಒಪ್ಪುವುದೇ ಸಮ್ಮತಿ. ಸರ್ವೋಚ್ಚ ನ್ಯಾಯಾಲಯವು ೨೦೦೮ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು. ಹೊಟ್ಟೆಯೊಳಗೆ ಉಪಕರಣ ಇಳಿಸಿ ಪರೀಕ್ಷಿಸಲು ಮಾತ್ರ ಆ ಮಹಿಳೆ ಒಪ್ಪಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನು ತೆಗೆಯಲಾಯಿತು. ಪ್ರಾಣಾಪಾಯದ ತುರ್ತು ಇಲ್ಲದಿರುವಾಗ, ಬುದ್ಧಿ ಸ್ವಸ್ಥವಾಗಿರುವ ವಯಸ್ಕರ ಪರವಾಗಿ ಹೆತ್ತ ತಾಯಿಯ ಒಪ್ಪಿಗೆಯೂ ಸಲ್ಲದೆಂದು ನ್ಯಾಯಾಲಯ ತೀರ್ಮಾನಿಸಿತು. ‘ಮನೆಯ ಯಜಮಾನರು ಒಪ್ಪಿದ್ದಾರಲ್ಲ’ ಎಂಬ ಮಾತು ನಮ್ಮಲ್ಲಿ ಇಂದಿಗೂ ಕೇಳಿಬರುವುದರಿಂದ ಈ ತೀರ್ಪನ್ನು ಪ್ರತಿಯೊಬ್ಬ ಸಹಾಯಕರೂ ತಿಳಿದಿರಬೇಕು. ವಿವರಿಸುವ ಹೊಣೆ ವೈದ್ಯರದು. ಆದರೆ ರೋಗಿಗೆ ಅರ್ಥವಾಗದೆ ತಲೆಯಾಡಿಸಿದ್ದನ್ನು ಕಂಡವರು ಅದನ್ನು ವೈದ್ಯರಿಗೆ ತಿಳಿಸದಿರುವುದು ಕರ್ತವ್ಯಲೋಪ.

‘ಮರೆ’ ಮತ್ತು ‘ಗುಟ್ಟು’ ಎಂಬ ಎರಡು ಕನ್ನಡ ಪದಗಳನ್ನು ಬೇರೆಬೇರೆಯಾಗಿ ಕಲಿಸಬೇಕು. ಮೈ ಒರೆಸುವಾಗ, ಬಟ್ಟೆ ಬದಲಿಸುವಾಗ ಪರದೆ ಎಳೆಯುವುದು ಮರೆ. ಇದು ದೇಹಕ್ಕೆ ಸಂಬಂಧಿಸಿದ್ದು. ರೋಗದ ಸಂಗತಿಯನ್ನು ಹೊರಗೆ ಆಡದಿರುವುದು ಗುಟ್ಟು. ಇದು ತಿಳಿವಿಗೆ ಸಂಬಂಧಿಸಿದ್ದು. ಕಾನೂನು ಇದನ್ನು ‘ಗೋಪ್ಯತೆ’ ಎನ್ನುತ್ತದೆ. ‘ಗುಪ್’ ಧಾತುವಿಗೆ ಕಾಪಾಡು ಎಂಬ ಅರ್ಥವಿರುವುದರಿಂದ, ಗೋಪ್ಯವೆಂದರೆ ಬಚ್ಚಿಡತಕ್ಕದ್ದು ಮಾತ್ರವಲ್ಲ, ಕಾಪಾಡತಕ್ಕದ್ದು. ಎಚ್.ಐ.ವಿ. ಸೋಂಕಿತರ ವಿಷಯದಲ್ಲಿ ೨೦೧೭ರ ಕಾಯ್ದೆಯು ಈ ಗೋಪ್ಯತೆಗೆ ಕಟ್ಟುನಿಟ್ಟಿನ ರಕ್ಷಣೆ ಕೊಟ್ಟಿದೆ. ಎಲ್ಲರೂ ಎಲ್ಲರನ್ನೂ ಬಲ್ಲ ನಮ್ಮ ಹಳ್ಳಿಗಳಲ್ಲಿ ಬಸ್ಸಿನಲ್ಲಿ ಆಡಿದ ಒಂದು ಮಾತು ಸಂಜೆಯೊಳಗೆ ರೋಗಿಯ ಬೀದಿಗೆ ತಲಪುತ್ತದೆ ಎಂಬುದನ್ನು ನೆನಪಿಡಬೇಕು.

‘ಘನತೆ’ಯನ್ನು ಕುರಿತು ಒಂದೇ ಮಾತು. ಮಂಡ್ಯದ ಆಡುಮಾತಿನಲ್ಲಿ ಏಕವಚನವು ಒಲವಿನ ಗುರುತು. ಅಜ್ಜಿಯು ಸಹಾಯಕಿಯನ್ನು ‘ಬಾ ಮಗಾ’ ಎಂದರೆ ಅದು ಹರಕೆ. ಸಹಾಯಕಿಯು ಅಜ್ಜಿಯನ್ನು ‘ಏ ಎದ್ದೇಳು’ ಎಂದರೆ ಅದು ಹರಕೆಯಲ್ಲ. ಮಂಚದ ಸಂಖ್ಯೆಯಿಂದಾಗಲಿ ರೋಗದ ಹೆಸರಿನಿಂದಾಗಲಿ ಕರೆಯದೆ, ಅಮ್ಮ, ಅಪ್ಪಾಜಿ, ತಾತ ಎಂದು ಬಹುವಚನದಲ್ಲಿ ಮಾತನಾಡಿಸಿದರೆ ಅರ್ಧ ನೀತಿಶಾಸ್ತ್ರ ಪಾಲಿಸಿದಂತೆ.

೪. ಕಾನೂನಿನ ಮಾತುಗಳು

‘ನಿರ್ಲಕ್ಷ್ಯ’ವೆಂದರೆ ವ್ಯವಹಾರದಲ್ಲಿ ಬೇಕೆಂದೇ ಕಡೆಗಣಿಸುವುದು. ಕಾನೂನಿನಲ್ಲಿ ಬೇಕೆಂದು ಮಾಡಿರಬೇಕಾಗಿಲ್ಲ. ನೋಡಿಕೊಳ್ಳುವ ಹೊಣೆ ಇದ್ದು, ಆ ಹೊಣೆಗೆ ಭಂಗ ಬಂದು, ಅದರಿಂದಲೇ ಹಾನಿಯಾದರೆ ಅದು ನಿರ್ಲಕ್ಷ್ಯ. ಮಂಚದ ಪಕ್ಕದ ತಡೆಕಂಬಿಯನ್ನು ಏರಿಸಲು ಮರೆತು ರೋಗಿ ಬಿದ್ದರೆ ‘ಮರೆತೆ’ ಎಂಬುದು ಉತ್ತರವಾಗದು. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಕಾನೂನಿಗೆ ಒಳಪಟ್ಟದ್ದೆಂದು ಸರ್ವೋಚ್ಚ ನ್ಯಾಯಾಲಯ ೧೯೯೫ರಲ್ಲಿ ತೀರ್ಪಿತ್ತಿದೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೧೦೬ನೆಯ ಕಲಮಿನಂತೆ, ದುಡುಕಿನ ಅಥವಾ ನಿರ್ಲಕ್ಷ್ಯದ ಕೃತ್ಯದಿಂದ ಸಾವು ಸಂಭವಿಸಿದರೆ ಐದು ವರ್ಷಗಳವರೆಗೆ ಸೆರೆವಾಸವುಂಟು. ಚಿಕಿತ್ಸಾಕ್ರಮವನ್ನು ನಡೆಸುತ್ತಿರುವ ನೋಂದಾಯಿತ ವೈದ್ಯರಿಗೆ ಅದು ಎರಡು ವರ್ಷಗಳವರೆಗೆ. ಈ ರಿಯಾಯಿತಿಯನ್ನು ಹೇಳುವಾಗ ಕಲಮು ವೈದ್ಯರನ್ನು ಮಾತ್ರ ಹೆಸರಿಸಿದೆ, ಸಹಾಯಕರನ್ನಲ್ಲ. ಕಲಿಯದ ಕೆಲಸಕ್ಕೆ, ಮುಖ್ಯವಾಗಿ ಚುಚ್ಚುಮದ್ದಿಗೆ, ಯಾರು ಒತ್ತಾಯಿಸಿದರೂ ಕೈಹಾಕಬಾರದೆಂದು ಹೇಳುವುದು ಇದಕ್ಕಾಗಿಯೇ.

‘ಹಲ್ಲೆ’ ಎಂದರೆ ಹೊಡೆತವೆಂದು ನಾವು ತಿಳಿದಿದ್ದೇವೆ. ಕಾನೂನಿನಲ್ಲಿ, ಈಗಲೇ ಬಲಪ್ರಯೋಗ ಮಾಡುವರೆಂಬ ಭಯ ಹುಟ್ಟುವಂತೆ ಕೈಯೆತ್ತುವುದೂ ಹಲ್ಲೆಯಾಗಬಹುದು. ಉಣ್ಣದ ಮುದುಕರನ್ನು ಸೌಟು ತೋರಿಸಿ ಬೆದರಿಸುವುದು ಮಕ್ಕಳಾಟವಲ್ಲ.

‘ಕಟ್ಟಿಹಾಕುವುದು’ ಮತ್ತೊಂದು ಮುಖ್ಯ ವಿಷಯ. ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ಸರಪಳಿ ಹಾಕುವುದನ್ನು ಪೂರ್ತಿಯಾಗಿ ನಿಷೇಧಿಸಿದೆ. ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ, ರೋಗಿಗೋ ಇತರರಿಗೋ ತಕ್ಷಣದ ಅಪಾಯ ತಪ್ಪಿಸಲು ಬೇರೆ ಮಾರ್ಗವೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ, ಅಗತ್ಯವಿರುವಷ್ಟು ಹೊತ್ತು ಮಾತ್ರ ತಡೆಹಿಡಿಯಬಹುದು. ಶಿಕ್ಷೆಗಾಗಿ ಕೂಡದು, ಸಿಬ್ಬಂದಿ ಸಾಲದೆಂಬ ಕಾರಣಕ್ಕೂ ಕೂಡದು.

ನಮ್ಮ ಜಿಲ್ಲೆ ಮರೆಯಬಾರದ ಕಾನೂನು ಇನ್ನೊಂದಿದೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ೧೯೯೪ರ ಕಾಯ್ದೆಯು, ಗರ್ಭಸ್ಥ ಶಿಶುವಿನ ಲಿಂಗವನ್ನು ‘ಮಾತಿನಿಂದಾಗಲಿ, ಸಂಜ್ಞೆಯಿಂದಾಗಲಿ, ಬೇರಾವ ರೀತಿಯಿಂದಾಗಲಿ’ ತಿಳಿಸಬಾರದೆಂಬ ಅರ್ಥದ ವಿಧಿಯನ್ನು ಒಳಗೊಂಡಿದೆ. ಮೊದಲ ಅಪರಾಧಕ್ಕೇ ಮೂರು ವರ್ಷಗಳವರೆಗೆ ಸೆರೆ, ಹತ್ತು ಸಾವಿರ ರೂಪಾಯಿಗಳವರೆಗೆ ದಂಡ. ೨೦೨೩ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಜಾಲದ ತನಿಖೆಯಲ್ಲಿ, ಮಂಡ್ಯ ಸೀಮೆಯ ಒಂದು ಆಲೆಮನೆಯಲ್ಲಿ ಈ ಪರೀಕ್ಷೆ ನಡೆಯುತ್ತಿದ್ದ ಸಂಗತಿ ಹೊರಬಿದ್ದಿತು. ಬೆಲ್ಲ ಬೇಯುವ ಮನೆಯು ಹೆಣ್ಣುಕೂಸುಗಳ ಪಾಲಿಗೆ ಮೃತ್ಯುಗೃಹವಾದದ್ದು ಕಬ್ಬಿನ ನಾಡೆಂದು ಹೆಮ್ಮೆಪಡುವ ನಾವೆಲ್ಲರೂ ತಲೆತಗ್ಗಿಸಬೇಕಾದ ವಿಷಯ. ಸ್ಕ್ಯಾನಿಂಗ್ ಕೊಠಡಿಯ ಬಾಗಿಲಲ್ಲಿ ನಿಂತ ಸಹಾಯಕಿಯ ಒಂದು ಕಣ್ಸನ್ನೆಯೂ ಕಾನೂನು ಹೇಳುವ ‘ಸಂಜ್ಞೆ’ಯೇ ಆಗುತ್ತದೆಂದು ವಿದ್ಯಾರ್ಥಿಗಳಿಗೆ ತಿಳಿಸದೆ ಈ ಪಾಠವನ್ನು ಮುಗಿಸಬಾರದು.

೫. ‘ಆಪ್ತಪ್ರತಿನಿಧಿ’: ಒಂದು ತೀರ್ಪಿನ ಪಾಠ

ರೋಗಿಯು ತನ್ನ ಇಚ್ಛೆಯನ್ನು ಹೇಳಲಾರದ ಸ್ಥಿತಿಯಲ್ಲಿದ್ದಾಗ ಅವರ ಪರವಾಗಿ ನ್ಯಾಯಾಲಯದ ಮುಂದೆ ನಿಲ್ಲುವವರನ್ನು ಕಾನೂನು ಒಂದು ವಿಶೇಷ ಹೆಸರಿನಿಂದ ಗುರುತಿಸುತ್ತದೆ. ಅದನ್ನು ಕನ್ನಡದಲ್ಲಿ ‘ಆಪ್ತಪ್ರತಿನಿಧಿ’ ಎನ್ನಬಹುದು. ಇದರ ಅರ್ಥವನ್ನು ಅರುಣಾ ಶಾನಭಾಗರ ಪ್ರಕರಣದಿಂದ ತಿಳಿಯಬೇಕು.

ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿದ ಅರುಣಾ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದರು. ೧೯೭೩ರ ನವೆಂಬರ್ ೨೭ರಂದು ಅಲ್ಲಿಯೇ ಒಬ್ಬ ನೌಕರನ ಪೈಶಾಚಿಕ ಹಲ್ಲೆಗೆ ಗುರಿಯಾಗಿ, ಮಿದುಳಿಗೆ ಪ್ರಾಣವಾಯು ನಿಂತು, ಅಂದಿನಿಂದ ೨೦೧೫ರ ಮೇ ೧೮ರಂದು ತೀರಿಕೊಳ್ಳುವವರೆಗೆ ಹಾಸಿಗೆಯಲ್ಲಿಯೇ ಉಳಿದರು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಆಸ್ಪತ್ರೆಯ ಶುಶ್ರೂಷಕಿಯರು ಸರದಿಯಂತೆ ಅವರನ್ನು ನೋಡಿಕೊಂಡರು. ಒಂದು ತಲೆಮಾರು ನಿವೃತ್ತವಾದರೆ ಮುಂದಿನ ತಲೆಮಾರು ಆ ಹೊಣೆ ಹೊತ್ತಿತು. ಅಷ್ಟು ದೀರ್ಘಕಾಲ ಮಲಗಿದ್ದರೂ ಅವರ ಮೈಯಲ್ಲಿ ಹಾಸಿಗೆ ಹುಣ್ಣು ಇರಲಿಲ್ಲವೆಂಬ ಸಂಗತಿ ನ್ಯಾಯಾಲಯದ ಮುಂದೆ ಬಂದಿತು.

ಅವರಿಗೆ ಆಹಾರ ಉಣಿಸುವುದನ್ನು ನಿಲ್ಲಿಸಬೇಕೆಂದು ಲೇಖಕಿಯೊಬ್ಬರು ಸಲ್ಲಿಸಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೧ರ ಮಾರ್ಚ್ ೭ರಂದು ತಿರಸ್ಕರಿಸಿತು. ನಿಷ್ಕ್ರಿಯ ದಯಾಮರಣಕ್ಕೆ ಕಟ್ಟುಪಾಡುಗಳೊಡನೆ ಅವಕಾಶವುಂಟೆಂದು ಅದೇ ತೀರ್ಪು ಒಪ್ಪಿತಾದರೂ, ಅರುಣಾ ಅವರ ವಿಷಯದಲ್ಲಿ ನಿರ್ಧರಿಸತಕ್ಕ ಆಪ್ತಪ್ರತಿನಿಧಿ ಅರ್ಜಿದಾರರಲ್ಲ, ಹಗಲಿರುಳು ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿ ಎಂದು ಹೇಳಿತು. ರಕ್ತಸಂಬಂಧವಿಲ್ಲದವರಿಗೆ ಆರೈಕೆಯೇ ಸಂಬಂಧವನ್ನು ತಂದುಕೊಟ್ಟಿತು. ಈ ವೃತ್ತಿಯವರಿಗೆ ಇದಕ್ಕಿಂತ ದೊಡ್ಡ ಗೌರವ ಕಾನೂನಿನ ಪುಟಗಳಲ್ಲಿ ಸಿಗುವುದು ವಿರಳ.

ಅನಂತರ ೨೦೧೮ರ ಮಾರ್ಚ್ ೯ರಂದು ಸಂವಿಧಾನ ಪೀಠವು, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಹೇಳಿ, ‘ಮುಂಗಡ ವೈದ್ಯಕೀಯ ನಿರ್ದೇಶನ’ಕ್ಕೆ ಮಾನ್ಯತೆ ಕೊಟ್ಟಿತು. ೨೦೨೩ರಲ್ಲಿ ಅದರ ವಿಧಾನ ಸರಳವಾಯಿತು: ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಕರ್ನಾಟಕ ಸರ್ಕಾರವು ೨೦೨೫ರ ಜನವರಿಯಲ್ಲಿ ಇದನ್ನು ಕಾರ್ಯಗತಗೊಳಿಸಲು ಆದೇಶ ಹೊರಡಿಸಿದೆ. ಇಂಥ ನಿರ್ಣಯಗಳಲ್ಲಿ ಸಹಾಯಕರಿಗೆ ಅಧಿಕಾರವಿಲ್ಲ. ಆದರೆ ರಾತ್ರಿಯ ಹೊತ್ತು ರೋಗಿಯು ಮೆಲ್ಲನೆ ಹೇಳಿದ ಮಾತನ್ನು ಮೊದಲು ಕೇಳುವವರು ಪ್ರಾಯಶಃ ಅವರೇ. ಅದನ್ನು ತಮ್ಮಲ್ಲಿಯೇ ಉಳಿಸಿಕೊಳ್ಳದೆ ವೈದ್ಯರಿಗೆ ತಲಪಿಸುವುದೇ ಅವರ ಧರ್ಮ.

೬. ಉಪಸಂಹಾರ

ಕಾಯಕವೆಂಬ ಪದದಲ್ಲಿ ‘ಕಾಯ’ವಿದೆ. ತನ್ನ ಕಾಯವನ್ನು ದಂಡಿಸಿ ಮತ್ತೊಬ್ಬರ ಕಾಯವನ್ನು ಕಾಯುವ ಈ ವೃತ್ತಿಯನ್ನು ಕಡಿಮೆಯ ದುಡಿಮೆಯೆಂದು ಕಾಣುವ ದೃಷ್ಟಿ ನಮ್ಮಲ್ಲಿನ್ನೂ ಅಳಿದಿಲ್ಲ. ಆ ದೃಷ್ಟಿ ಬದಲಾಗಬೇಕಾದರೆ ವೃತ್ತಿಯವರ ಕೈಯಲ್ಲಿ ಜ್ಞಾನವಿರಬೇಕು; ಆ ಜ್ಞಾನ ಅವರ ಭಾಷೆಯಲ್ಲಿರಬೇಕು. ಮೇಲಿನ ಪದಗಳನ್ನೂ ಇಂಥ ಇನ್ನೊಂದು ನೂರು ಪದಗಳನ್ನೂ ಸೇರಿಸಿ, ಜೇಬಿನಲ್ಲಿಡಬಹುದಾದ ಚಿಕ್ಕ ಕೈಹೊತ್ತಗೆಯೊಂದನ್ನು ಅಧ್ಯಾಪಕರು ವೈದ್ಯರ ಮತ್ತು ವಕೀಲರ ನೆರವಿನಿಂದ ಸಿದ್ಧಪಡಿಸುವುದು ಕಷ್ಟವಲ್ಲ. ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ತಾವು ಕೇಳಿದ ರೋಗಿಗಳ ಮಾತುಗಳನ್ನು ಹೆಸರು ಬಿಟ್ಟು ಬರೆದು ಕಳುಹಿಸಬಹುದು. ದಾನಿಗಳು ಅಚ್ಚಿನ ವೆಚ್ಚವನ್ನು ವಹಿಸಿಕೊಂಡು, ಮಂಡ್ಯ, ಮದ್ದೂರು, ಮಳವಳ್ಳಿಗಳ ಆಸ್ಪತ್ರೆಗಳ ಸಹಾಯಕರಿಗೆ ಅದನ್ನು ಉಚಿತವಾಗಿ ಹಂಚುವಂತಾದರೆ ಈ ಸ್ಮರಣ ಸಂಚಿಕೆಗೆ ಬರೆದ ಲೇಖನ ಸಾರ್ಥಕವಾದೀತು. ಸಹೃದಯರು ಈ ವಿಷಯವನ್ನು ಪರಿಶೀಲಿಸಬೇಕೆಂದು ವಿನಂತಿ.