ಪ್ರಮಾಣಿಸಿ ನೋಡಿ, ಆಮೇಲೆ ಕಳಿಸಿ

ಕ್ಯಾಮೆರಾ ಹಿಡಿದು ಸುದ್ದಿಮನೆಗೆ ಕಾಲಿಡುತ್ತಿರುವ ಹೊಸಪೇಟೆ ಸೀಮೆಯ ಮಕ್ಕಳೇ, ಎಐ ಚಿತ್ರ ಬಂದಮೇಲೆ ಜನ ಸುಳ್ಳನ್ನು ನಂಬಿಬಿಡುತ್ತಾರೆ ಎಂಬ ಭಯ ಎಲ್ಲರಿಗೂ ಇದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ನೀವು ಬೆವರು ಸುರಿಸಿ ತೆಗೆದ ನಿಜವಾದ ಚಿತ್ರವನ್ನೂ ಜನ ನಂಬದೇ ಹೋಗುವುದು.

ಹಂಪಿಯ ಕಲ್ಲಿನ ರಥವನ್ನೇ ನೋಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆ ಗೋಪುರವಿದೆ. ಇಂದು ಅದಿಲ್ಲ, 50 ರೂಪಾಯಿ ನೋಟಿನ ರಥಕ್ಕೂ ಇಲ್ಲ. ಎಐಗೆ ಹೇಳಿದರೆ ಇನ್ನೂ ಚೆಂದದ ಗೋಪುರ ಬರೆದುಕೊಟ್ಟೀತು. ಆದರೆ ಗ್ರೀನ್‌ಲಾ ರಥವಿರುವ ವಿಠ್ಠಲ ದೇಗುಲದ ಅಂಗಳದಲ್ಲಿ ನಿಂತಿದ್ದ, ಎಐ ಎಲ್ಲಿಯೂ ನಿಂತಿರಲಿಲ್ಲ. ಸುದ್ದಿಚಿತ್ರದ ಬೆಲೆಯೆಲ್ಲ ಹಾಗೆ ಎದುರು ನಿಂತು ನೋಡಿದ್ದರಲ್ಲಿದೆ.

2019ರ ಫೆಬ್ರವರಿಯಲ್ಲಿ ಯುವಕರು ಹಂಪಿಯಲ್ಲಿ ಕಂಬ ಬೀಳಿಸುವ ವಿಡಿಯೊ ಹರಿದಾಡಿತು. ಅವರು ಸಿಕ್ಕಿಬಿದ್ದರು. ದಂಡ ವಿಧಿಸಿದ ನ್ಯಾಯಾಲಯ ಅವರ ಕೈಯಿಂದಲೇ ಕಂಬ ನಿಲ್ಲಿಸಿತು. ಇಂದಾಗಿದ್ದರೆ ‘ಇದು ಎಐ’ ಎಂದು ಜಾರಿಕೊಳ್ಳಲು ದಾರಿಯಿತ್ತು. ಅದಿರಿಗಾಗಿ ಸಂಡೂರಿನ ಗುಡ್ಡಗಳನ್ನು ಬಗೆದವರ ಅಕ್ರಮ 2011ರ ಲೋಕಾಯುಕ್ತ ವರದಿಯಲ್ಲಿ ಬಯಲಾಯಿತು. ನಾಳೆ ಅಂಥದ್ದೇ ಗುಡ್ಡದ ಚಿತ್ರ ನೀವು ತಂದರೂ ಅದೇ ಮಾತು ಕೇಳಬೇಕಾದೀತು. ಸುಳ್ಳು ಚಿತ್ರ ಹೆಚ್ಚಿದಷ್ಟೂ ಬಲಾಢ್ಯರಿಗೆ ನುಣುಚಿಕೊಳ್ಳುವುದು ಸಲೀಸು.

2023ರ ಮೇನಲ್ಲಿ ದೆಹಲಿಯಲ್ಲಿ ಪ್ರತಿಭಟಿಸಿ ಬಂಧಿತರಾದ ಕುಸ್ತಿಪಟುಗಳ ಚಿತ್ರವನ್ನು ತಿದ್ದಿ, ಮುಖಕ್ಕೆ ನಗು ಅಂಟಿಸಿ ಹರಿಬಿಟ್ಟರು. ಅವರ ನೋವನ್ನೇ ನಾಟಕವಾಗಿಸುವ ಹುನ್ನಾರ ಅದು. ತಿದ್ದದ ಮೂಲಚಿತ್ರ ಇದ್ದುದರಿಂದ ಮೋಸ ಬಯಲಾಯಿತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಅಂಥ ಹೊತ್ತಲ್ಲಿ ‘ಡ್ಯಾಮೇ ಒಡೆಯಿತು’ ಎಂಬ ಒಂದು ಕಟ್ಟುಚಿತ್ರ ಸಾಕು, ನದಿ ದಂಡೆಯವರು ಮಕ್ಕಳುಮರಿ ಕಟ್ಟಿಕೊಂಡು ಓಡಲು. ಒಮ್ಮೆ ಹಾಗೆ ಮೋಸ ಹೋದವರು, ಮುಂದೆ ನಿಜವಾಗಿ ನೀರು ಬಂದಾಗ ನಿಮ್ಮ ಚಿತ್ರ ಕಂಡೂ ಕದಲಲಿಕ್ಕಿಲ್ಲ. ಆಗ ಹೋಗುವುದು ಜೀವ.

ಆದ್ದರಿಂದ ಇಷ್ಟು ಮಾಡಿ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುತ್ತದೆ. ನೀರನ್ನಷ್ಟೇ ಹತ್ತಿರದಿಂದ ತೆಗೆದು ಬರಬೇಡಿ. ದಡ, ಅಂಗಡಿ ಬೋರ್ಡು, ನಿಂತ ಜನ, ಎಲ್ಲ ಕಾಣುವಂತೆ ದೂರದಿಂದಲೂ ತೆಗೆಯಿರಿ. ಒಂದೇ ಚಿತ್ರ ಸಾಲದು, ಹಿಂದುಮುಂದಿನವೂ ಇರಲಿ. ದಿನ, ಹೊತ್ತು, ನಿಂತ ಜಾಗ ಅಲ್ಲೇ ಬರೆದುಕೊಳ್ಳಿ. ಮೂಲ ಫೈಲನ್ನು ಅಳಿಸಲೇಬೇಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ, ಒಳಗಿನ ಮಾಹಿತಿ ಕಳೆದುಹೋಗುತ್ತದೆ. ಡೆಸ್ಕಿಗೆ ಮೂಲವನ್ನೇ ಮುಟ್ಟಿಸಿ. ಹಳೆಯ ಪ್ರವಾಹದ್ದಾದರೆ ‘ಸಂಗ್ರಹ ಚಿತ್ರ’ ಎಂದು ಹಾಕಿ. ಆಕಾಶಕ್ಕೆ ಮೋಡ ಸೇರಿಸುವುದು, ಅಡ್ಡ ಬಂದ ತಂತಿ ಅಳಿಸುವುದು ಬೇಡ. ಇವತ್ತು ತಂತಿ, ನಾಳೆ ಮನುಷ್ಯ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಗ್ರೂಪಿಗೆ ಬಂದ ಚಿತ್ರ ಎಷ್ಟೇ ರೋಮಾಂಚಕವಾಗಿರಲಿ, ತೆಗೆದವರಾರು, ಎಲ್ಲಿ, ಯಾವಾಗ ಎಂಬುದು ತಿಳಿಯದಿದ್ದರೆ ಕಳಿಸಬೇಡಿ. ಬೇರೆಯವರು ಮೊದಲು ಹಾಕಿದರೆ ಹಾಕಲಿ. ತಡವಾದ ಸುದ್ದಿಯನ್ನು ಓದುಗ ಮನ್ನಿಸುತ್ತಾನೆ, ವಂಚಿಸಿದ ಸುದ್ದಿಯನ್ನು ಮನ್ನಿಸುವುದಿಲ್ಲ.