ಹಾಜರಿಯ ಲೆಕ್ಕ ಜೂನ್‌ನಲ್ಲೇ ಇಡಿ

ಮಕ್ಕಳು ಹತ್ತನೇ ತರಗತಿಗೆ ಬಂದರೆ ಮನೆಯವರೆಲ್ಲ ಟ್ಯೂಷನ್, ಗೈಡು, ಮಾದರಿ ಪ್ರಶ್ನೆಪತ್ರಿಕೆ ಅಂತ ಓಡಾಡುತ್ತಾರೆ. ಹಾಜರಿ ನೆನಪಾಗುವುದು ಜನವರಿಯಲ್ಲಿ, ಅದೂ ಶಾಲೆಯಿಂದ ಫೋನ್ ಬಂದಾಗ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶಾಲೆಯ ಮೂಲಕ ಕೂರಲು ಶೇ. 75ರಷ್ಟು ಹಾಜರಿ ಬೇಕು. ಶಾಲೆ 220 ದಿನ ನಡೆದರೆ 165 ದಿನ ಹೋಗಿರಬೇಕು. ಉಳಿದ 55 ದಿನ ನಮ್ಮದೇ ಎಂದುಕೊಳ್ಳಬೇಡಿ. ಒಂದು ಡೆಂಗಿ ಜ್ವರ, ಎರಡು ಮದುವೆ, ಊರ ಜಾತ್ರೆ, ಕೊಯ್ಲು ಸೇರಿದರೆ ಅವು ಕರಗುವುದು ಗೊತ್ತೇ ಆಗುವುದಿಲ್ಲ.

ಅಂಕಗಳ ಮಾತೂ ಇದೆ. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20, ಹೀಗೆ 625ರಲ್ಲಿ 125 ಆಂತರಿಕ ಅಂಕ. ಕಿರುಪರೀಕ್ಷೆ, ಚಟುವಟಿಕೆಗಳ ದಿನ ಮನೆಯಲ್ಲಿ ಕೂತವರಿಗೆ ಅವು ಎಲ್ಲಿಂದ ಬರಬೇಕು? (ಟ್ಯೂಷನ್ನಿನವರು ಕೊಡುವುದಿಲ್ಲ.)

ರಜೆ ಬೇಕೇ ಬೇಕಾದರೆ ಪೋಷಕರ ಸಹಿಯ ಅರ್ಜಿ ಕಳಿಸಿ. ಕಾಯಿಲೆ ಎಳೆದರೆ ವೈದ್ಯರ ಪ್ರಮಾಣಪತ್ರ ಆಗಲೇ ಪಡೆದುಕೊಳ್ಳಿ. ಮಾರ್ಚ್‌ನಲ್ಲಿ ಹಳೇ ಜ್ವರಕ್ಕೆ ಚೀಟಿ ಬರೆಸಲು ಅಲೆಯುವುದು ನಾಚಿಕೆಗೇಡು.

ಮಗಳು ಪ್ರತಿ ತಿಂಗಳೂ ಎರಡು ಮೂರು ದಿನ ತಪ್ಪಿಸುತ್ತಿದ್ದರೆ ಗದರಬೇಡಿ, ಶಾಲೆಯ ಶೌಚಾಲಯ ಹೇಗಿದೆ ಎಂದು ಕೇಳಿ. ಸರಿಯಿಲ್ಲವೆಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಎದ್ದು ಮಾತಾಡಬೇಕಾದವರು ನೀವೇ. ಮಗ ಬ್ಯಾಗ್ ಹಾಕಿಕೊಂಡು ಹೊರಟರೂ ತರಗತಿ ತಲುಪುತ್ತಿಲ್ಲವೆಂಬ ಅನುಮಾನವಿದ್ದರೆ, ತಿಂಗಳ ಕೊನೆಗೆ ತರಗತಿ ಶಿಕ್ಷಕರನ್ನು ಕಂಡು ಹಾಜರಿ ಪುಸ್ತಕ ನೋಡಿ ಬನ್ನಿ. ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿ.