ಎದೆಯ ಸಿ.ಟಿ. ಪರೀಕ್ಷೆ ಮತ್ತು ಶ್ವಾಸಕೋಶದ ಅಳತೆ

ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಪಕ್ಕೆಲುಬು, ಹೃದಯ, ಶ್ವಾಸಕೋಶಗಳು ಒಂದರ ಮೇಲೊಂದು ಬಿದ್ದ ನೆರಳುಗಳಂತೆ ಕಾಣುತ್ತವೆ. ಸಿ.ಟಿ. ಯಂತ್ರವಾದರೋ ಅದೇ ಕಿರಣಗಳನ್ನು ದೇಹದ ಸುತ್ತ ತಿರುಗಿಸಿ, ಸವತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಂತೆ ಎದೆಯನ್ನು ಪದರುಪದರಾಗಿ ತೋರಿಸುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಹೌನ್ಸ್‌ಫೀಲ್ಡ್ ಅವರು ರೂಪಿಸಿದ ಈ ಯಂತ್ರವನ್ನು 1971ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಪರೀಕ್ಷೆಗೆ ಬಳಸಲಾಯಿತು.

ಕೋವಿಡ್ ಕಾಲದಲ್ಲಿ ವರದಿಗಳ ಮೇಲೆ '25ಕ್ಕೆ ಇಷ್ಟು' ಎಂದು ಬರೆದ ಅಂಕ ತಮಗೆ ನೆನಪಿರಬಹುದು. ಬಲ ಶ್ವಾಸಕೋಶದಲ್ಲಿ ಮೂರು, ಎಡದಲ್ಲಿ ಎರಡು, ಹೀಗೆ ಐದು ಹಾಲೆಗಳಿವೆ. ಒಂದೊಂದಕ್ಕೆ ಗರಿಷ್ಠ 5ರಂತೆ ಆ ಲೆಕ್ಕ. ಇನ್ನೂ ಸೂಕ್ಷ್ಮವಾದ ಅಳತೆಯೂ ಉಂಟು. ಅದರಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ 1000 ಕೆಳಗೆ. ಪೂರ್ಣ ಉಸಿರೆಳೆದು ತೆಗೆದ ಚಿತ್ರದಲ್ಲಿ 950ಕ್ಕೂ ಕೆಳಗಿಳಿದ ಭಾಗವೆಂದರೆ ಗಾಳಿಚೀಲಗಳ ಗೋಡೆ ಹರಿದು ಬರಿದಾದ ಭಾಗ. ಅದು ನೂರರಲ್ಲಿ ಎಷ್ಟೆಂಬುದನ್ನು ಗಣಕಯಂತ್ರವೇ ಎಣಿಸುತ್ತದೆ.

ಬಹುಕಾಲ ಬೀಡಿ ಸೇದಿದ ಗಂಡಸರಲ್ಲಿ ಈ ಹಾನಿ ಚೆನ್ನಾಗಿ ಕಾಣುತ್ತದೆ. ಆದರೆ ನವಲಗುಂದ, ಅಣ್ಣಿಗೇರಿ ಸೀಮೆಯಲ್ಲಿ ಹತ್ತಿಕಟ್ಟಿಗೆ, ಕುಳ್ಳು ಉರಿಸಿ ಅಡಿಗೆ ಮಾಡಿದ ಗೃಹಿಣಿಯ ಸ್ಥಿತಿ ಬೇರೆ. ಒಲೆಯ ಹೊಗೆಯು ಗಾಳಿಚೀಲಗಳಿಗಿಂತ ಶ್ವಾಸನಾಳಗಳನ್ನೇ ಹೆಚ್ಚಾಗಿ ದಪ್ಪಗೊಳಿಸಿ ಕಿರಿದು ಮಾಡುತ್ತದೆ. ಆದುದರಿಂದ ಆಕೆಯ ಚಿತ್ರದಲ್ಲಿ ದೊಡ್ಡ ದೋಷ ಕಾಣದಿದ್ದರೂ ಏದುಸಿರು ಸುಳ್ಳಲ್ಲ. ಕೊಳವೆಯಲ್ಲಿ ಊದಿಸಿ ಉಸಿರಿನ ಬಲವನ್ನು ಅಳೆಯುವ ಪರೀಕ್ಷೆಯೇ ಆಗ ಮುಖ್ಯ. 'ಸ್ಕ್ಯಾನಿನಲ್ಲಿ ಏನೂ ಇಲ್ಲವಂತೆ' ಎಂದು ಪತಿಯಾದವನು ಸುಮ್ಮನಾಗಬಾರದು.

ಕೆಮ್ಮು ಬಂದೊಡನೆ ಸಾಲ ಮಾಡಿ ಸ್ಕ್ಯಾನ್ ಮಾಡಿಸುವ ಅವಶ್ಯಕತೆಯೂ ಇಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ ಆಗಬೇಕು; ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಅದು ಉಚಿತವಾಗಿ ದೊರೆಯುತ್ತದೆ. ಕ್ಷಯವೆಂದು ತಿಳಿದರೆ ಔಷಧವೂ ಉಚಿತ. ಕಫ ಹಾಗೂ ಕ್ಷ-ಕಿರಣ ಚಿತ್ರದಿಂದ ಕಾರಣ ತಿಳಿಯದಿದ್ದಾಗ, ಗಂಟಿನ ಸಂಶಯವಿದ್ದಾಗ, ಇಲ್ಲವೆ ಕಫದಲ್ಲಿ ರಕ್ತ ಬೀಳುತ್ತಿದ್ದಾಗ ವೈದ್ಯರು ಚೀಟಿ ಬರೆದು ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ, ಜನರು ಕಿಮ್ಸ್ ಎಂದು ಕರೆಯುವಲ್ಲಿಗೆ, ಕಳುಹಿಸುತ್ತಾರೆ. ಹೋಗುವಾಗ ಹಳೆಯ ಚಿತ್ರಗಳನ್ನೆಲ್ಲ ಒಯ್ಯಿರಿ. ಹೊಸದನ್ನು ಹಳೆಯದರೊಡನೆ ಹೋಲಿಸಿದಾಗಲೇ ರೋಗ ಏರಿದೆಯೋ ಇಳಿದಿದೆಯೋ ತಿಳಿಯುವುದು.

ಪರೀಕ್ಷೆಯಲ್ಲಿ ನೋವಿಲ್ಲ, ಉಸಿರನ್ನು ಕೆಲವು ಕ್ಷಣ ಹಿಡಿದರೆ ಸಾಕು. ಆದರೆ ಒಂದು ಸಿ.ಟಿ.ಯ ಕಿರಣಗಳು ಹತ್ತಾರು ಸಾಮಾನ್ಯ ಚಿತ್ರಗಳಿಗೆ ಸಮ. ಮುಟ್ಟು ನಿಂತಿದ್ದರೆ, ಗರ್ಭದ ಸಂಶಯವಿದ್ದರೆ, ಸಂಕೋಚಪಡದೆ ಮೊದಲೇ ತಿಳಿಸಿರಿ. ಎದೆಯ ಪರೀಕ್ಷೆಯಲ್ಲಿ ಗರ್ಭಕ್ಕೆ ತಗಲುವ ಕಿರಣ ಅತ್ಯಲ್ಪವಾದುದರಿಂದ, ತಾಯಿಯ ಜೀವಕ್ಕೆ ಅಪಾಯವಿರುವಾಗ ವೈದ್ಯರು ಅದನ್ನು ಮಾಡಿಸಲು ಹಿಂಜರಿಯುವುದಿಲ್ಲ.